ಹಳ್ಳಿಯಲ್ಲಿ ಫೋರ್ ಬೈ ಫೋರ್ ಗ್ಯಾರೇಜ್: ಗೇರ್ ಬಾಕ್ಸ್ ಇಳಿಸುವ ಮೊದಲು

ಚಿಕ್ಕಬಳ್ಳಾಪುರದ ಕಡೆ ಸಣ್ಣದೊಂದು ಗ್ಯಾರೇಜ್ ಹಾಕಿ, ಜೀಪು, ಥಾರ್, ಜಿಪ್ಸಿ, ಫೋರ್ ವೀಲ್ ಟ್ರ್ಯಾಕ್ಟರ್ ಥರದ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡಬಹುದಾದ) ಗಾಡಿಗಳ ಕೆಲಸ ಹಿಡಿಯಬೇಕು ಅಂತ ನನ್ನ ಹಾಗೆಯೇ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಆಯಿಲ್ ಬದಲಾಯಿಸುವುದು, ಬ್ರೇಕ್, ಕ್ಲಚ್ ನಿಮಗೆ ಬರುತ್ತದೆ ಅಂದುಕೊಂಡೇ ಬರೆದಿದ್ದೇನೆ.

ಜಾಗ, ಕರೆಂಟು, ಕಾಗದ

ಹೆದ್ದಾರಿ 44ರಲ್ಲಿ ಪೇರೇಸಂದ್ರ ಕ್ರಾಸ್ ಥರದ ಜಾಗ ಒಳ್ಳೆಯದು. ಒಳಗಿನ ಹಳ್ಳಿಗಳ ಟ್ರ್ಯಾಕ್ಟರೂ ಅಲ್ಲೇ ಬರುತ್ತದೆ, ವಾರದ ಕೊನೆಗೆ ಬೆಂಗಳೂರಿನಿಂದ ಬೆಟ್ಟ ಹತ್ತಲು ಬರುವ ಜೀಪುಗಳೂ ಅಲ್ಲೇ ಹಾಯುತ್ತವೆ. ಸಾಮಾನು ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು.

ನಮ್ಮದೇ ಹೊಲ ಅಲ್ವಾ ಅಂತ ಸುಮ್ನೆ ಶೆಡ್ ಹಾಕುವ ಹಾಗಿಲ್ಲ. ಮೊದಲು ಭೂ ಪರಿವರ್ತನೆ ಆಗಬೇಕು, ಪಂಚಾಯಿತಿ ಲೈಸೆನ್ಸ್ ಬೇಕು. ಪಂಪ್‌ಸೆಟ್ ಲೈನಿನಿಂದ ವೆಲ್ಡಿಂಗ್ ಮೆಷಿನ್ ಓಡಿಸಬೇಡಿ. ಅದು ಬೇಸಾಯಕ್ಕೆ ಕೊಟ್ಟ ಕರೆಂಟು. ಗ್ಯಾರೇಜಿಗೆ ಬೆಸ್ಕಾಂನಿಂದ ಬೇರೆ ಮೀಟರ್ ತೆಗೆದುಕೊಳ್ಳಿ. ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿಗೆ ಶುಲ್ಕ ಇಲ್ಲ, ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

ಜಿಎಸ್‌ಟಿ ವಿಚಾರ ಒಂದೇ ಮಾತು: ಬರೀ ಬಿಡಿಭಾಗ ಮಾರುವ ಅಂಗಡಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ ವಹಿವಾಟು. ರಿಪೇರಿ ಕೂಲಿಯೂ ಇದ್ದರೆ 20 ಲಕ್ಷ, ಅದೂ ಸಾಮಾನು, ಕೂಲಿ ಎರಡೂ ಸೇರಿ.

ಲಿವರ್ ಸಿಕ್ಕಿಕೊಂಡಿದೆ ಅಂದರೆ

ನನಗೆ ತಲೆಗೆ ಹತ್ತಲು ಜಾಸ್ತಿ ಹೊತ್ತು ಹಿಡಿದದ್ದು ಇದು. ಹಾಗಾಗಿ ಉದ್ದವಾಗಿಯೇ ಬರೆಯುತ್ತೇನೆ.

ಫೋರ್ ವೀಲಿಗೆ ಹಾಕಿ ತೆಗೆಯುವ ಲಿವರ್ ಬಗ್ಗೆ ಗಿರಾಕಿ ಹೇಳುವುದು ಹೀಗೆ: “ಅಣ್ಣಾ, ಬೆಟ್ಟ ಇಳಿದು ಟಾರ್ ರೋಡಿಗೆ ಬಂದೆ. ಸ್ಟೇರಿಂಗ್ ಬಿಗಿ, ಗಾಡಿ ಹಿಡಿದು ಎಳೆದ ಹಾಗೆ ಆಗ್ತಿದೆ. ಲಿವರ್ ಜಪ್ಪಯ್ಯ ಅಂದ್ರೂ ಬರ್ತಿಲ್ಲ.”

ಕೇಳಿದ ಕೂಡಲೇ ಗೇರ್ ಹೋಗಿದೆ ಅನ್ನಿಸುತ್ತದೆ. ಬಹಳ ಸಲ ಏನೂ ಹೋಗಿರುವುದಿಲ್ಲ.

ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಇರುತ್ತದೆ. ಅಲ್ಲಿಂದ ಒಂದು ಶಾಫ್ಟ್ ಮುಂದಕ್ಕೆ, ಒಂದು ಹಿಂದಕ್ಕೆ. ಟೂ ವೀಲಿನಲ್ಲಿ ಹಿಂದಿನದಕ್ಕೆ ಮಾತ್ರ ಶಕ್ತಿ. ಫೋರ್ ವೀಲಿಗೆ ಹಾಕಿದರೆ ಎರಡೂ ಶಾಫ್ಟ್ ಒಂದಕ್ಕೊಂದು ಲಾಕ್ ಆಗುತ್ತವೆ. ಒಂದು ಸುತ್ತು ತಿರುಗಿದರೆ ಇನ್ನೊಂದೂ ಒಂದೇ ಸುತ್ತು.

ಇಲ್ಲಿ ನನಗೆ ಎದ್ದ ಪ್ರಶ್ನೆ: ಮುಂದೆಯೂ ಡಿಫರೆನ್ಷಿಯಲ್ ಇದೆ, ಹಿಂದೆಯೂ ಇದೆ. ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲಿ ಅಂತ ತಾನೆ ಅದು ಇರುವುದು? ಮತ್ತೆ ಬಿಗಿಯುವುದು ಯಾಕೆ?

ಉತ್ತರ ಇಷ್ಟೇ. ಆ ಎರಡೂ ನೋಡಿಕೊಳ್ಳುವುದು ಎಡ ಬಲದ ವ್ಯತ್ಯಾಸವನ್ನು. ಮುಂದಿನ ಆಕ್ಸಲ್ಲಿಗೂ ಹಿಂದಿನ ಆಕ್ಸಲ್ಲಿಗೂ ಇರುವ ವ್ಯತ್ಯಾಸ ನೋಡಿಕೊಳ್ಳಲು ಇಂಥ ಗಾಡಿಗಳಲ್ಲಿ ಮಧ್ಯೆ ಏನೂ ಇಲ್ಲ.

ವ್ಯತ್ಯಾಸ ಎಷ್ಟು? ಲೆಕ್ಕ ಹಾಕಿದಾಗಲೇ ನನಗೆ ಬಿಡಿಸಿದ ಹಾಗಾಯಿತು. ಎರಡು ಆಕ್ಸಲ್ ನಡುವಿನ ದೂರ 2.4 ಮೀಟರ್ ಅಂತ ಇಟ್ಟುಕೊಳ್ಳಿ. ತಿರುವಿನಲ್ಲಿ ಹಿಂದಿನ ಆಕ್ಸಲ್ಲಿನ ನಡುಭಾಗ 5 ಮೀಟರ್ ತ್ರಿಜ್ಯದ ವೃತ್ತದಲ್ಲಿ ಹೋದರೆ, ಮುಂದಿನದು ಸುಮಾರು 5.55 ಮೀಟರ್ ತ್ರಿಜ್ಯದಲ್ಲಿ ಹೋಗುತ್ತದೆ. ಕಾಲು ಸುತ್ತು ತಿರುಗುವಷ್ಟರಲ್ಲಿ ಹಿಂದಿನದು 7.85 ಮೀಟರ್ ಓಡುತ್ತದೆ, ಮುಂದಿನದು 8.71 ಮೀಟರ್. ಒಂದೇ ತಿರುವಿಗೆ 86 ಸೆಂಟಿಮೀಟರ್! ಶಾಫ್ಟ್‌ಗಳು ಮಾತ್ರ ಸಮಸಮ ತಿರುಗುತ್ತಿವೆ.

ಕೆಸರು, ಮರಳಿನಲ್ಲಿ ಟೈರು ಜಾರಿ ಈ ವ್ಯತ್ಯಾಸ ಕರಗುತ್ತದೆ. ಒಣಗಿದ ಟಾರಿನಲ್ಲಿ ಟೈರು ಜಾರುವುದಿಲ್ಲ. ಆಗ ಆ ಒತ್ತಡ ಶಾಫ್ಟು, ಕ್ರಾಸು (ಶಾಫ್ಟಿನ ಕೀಲು), ಗೇರ್ ಹಲ್ಲುಗಳ ಮೇಲೆ ಕೂರುತ್ತದೆ. ಲಿವರ್ ಎಳೆದಾಗ ಸರಿದು ಶಾಫ್ಟ್‌ಗಳ ಲಾಕ್ ಬಿಡಿಸಬೇಕಾದ ಸ್ಲೀವಿನ (ಬಳೆಯಂಥ ಭಾಗದ) ಹಲ್ಲು ಅದೇ ಒತ್ತಡದಲ್ಲಿ ಕಚ್ಚಿಕೊಂಡಿರುತ್ತದೆ. ಅದಕ್ಕೇ ಲಿವರ್ ಬರುವುದಿಲ್ಲ.

ಬಿಡಿಸುವುದು: ಸ್ಟೇರಿಂಗ್ ನೇರ ಮಾಡಿ, ಲಿವರನ್ನು ಟೂ ವೀಲ್ ಕಡೆಗೆ ಮೆತ್ತಗೆ ಒತ್ತಿಹಿಡಿದು, ರಿವರ್ಸಿನಲ್ಲಿ ಕೆಲವು ಅಡಿ ನಿಧಾನವಾಗಿ ಹೋಗಿ. ಹತ್ತಿರ ಮಣ್ಣು ಇದ್ದರೆ ಅಲ್ಲೇ ಮಾಡಿ. ಒತ್ತಡ ಬಿಟ್ಟಾಗ ಟಕ್ ಅಂತ ಬರುತ್ತದೆ. ಜಾಕಿ ಹಾಕಿ ಒಂದು ಚಕ್ರ ಎತ್ತಿದರೂ ಬಿಡುತ್ತದೆ. ಆದರೆ ಚಕ್ರ ನೆಲ ಬಿಡುತ್ತಿದ್ದಂತೆ ರಪ್ ಅಂತ ತಿರುಗಬಹುದು, ಕೈ ದೂರ ಇರಲಿ. ಇಷ್ಟು ಮಾಡಿದರೂ ಬರದಿದ್ದರೆ ಲಿಂಕೇಜ್ (ಲಿವರಿನಿಂದ ಕೇಸಿಗೆ ಹೋಗುವ ಕಡ್ಡಿಗಳು), ಆಮೇಲೆ ಒಳಗಿನ ಫೋರ್ಕ್ (ಸ್ಲೀವ್ ಸರಿಸುವ ಕವಲು) ನೋಡಿ. ಬಾಕ್ಸ್ ಇಳಿಸುವುದು ಕಟ್ಟಕಡೆಗೆ.

ಇದಕ್ಕೆ ದುಡ್ಡು ಕೇಳುವುದು ಹೇಗೆ? ಚೆಕಿಂಗ್ ಚಾರ್ಜ್ ಇಷ್ಟು ಅಂತ ಗಾಡಿ ಮುಟ್ಟುವ ಮೊದಲೇ ಹೇಳಿ. ಏನೂ ಬಿಚ್ಚದೆ ಸರಿಮಾಡಿದವನ ಹತ್ತಿರ ಊರಿನವರು ತಿರುಗಿ ಬರುತ್ತಾರೆ. ಸುಳ್ಳು ಬಿಲ್ ಹಾಕಿದರೆ ಸಂಜೆಯೊಳಗೆ ಹಾಲಿನ ಡೇರಿಯಲ್ಲಿ ಅದೇ ಮಾತು.

ಟೈರು ನೋಡದೆ ಬಿಡಬೇಡಿ

ನೇರ ರಸ್ತೆಯಲ್ಲೂ ಬಿಗಿಯುತ್ತಿದ್ದರೆ ಟೈರು ಅಳೆಯಿರಿ. 70 ಸೆಂಟಿಮೀಟರ್ ವ್ಯಾಸದ ಟೈರು 7 ಮಿಲಿಮೀಟರ್ ಸವೆದರೆ ವ್ಯಾಸ 14 ಮಿಲಿಮೀಟರ್ ಇಳಿಯಿತು, ಅಂದರೆ 2 ಶೇಕಡಾ. ಹಿಂದೆ ಹೊಸದು, ಮುಂದೆ ಸವೆದದ್ದು ಇದ್ದರೆ ಕಿಲೋಮೀಟರಿಗೆ 20 ಮೀಟರ್ ವ್ಯತ್ಯಾಸ.

ಟ್ರ್ಯಾಕ್ಟರಿನಲ್ಲಿ ಇದು ಇನ್ನೂ ಸೂಕ್ಷ್ಮ. ಮುಂದಿನ ಚಕ್ರ ಚಿಕ್ಕದು. ಅದು ಹಿಂದಿನದಕ್ಕಿಂತ ಒಂದರಿಂದ ಐದು ಶೇಕಡಾದಷ್ಟು ಮುಂದೆ ಎಳೆಯುವಂತೆ ಗೇರ್ ಲೆಕ್ಕ ಕೂಡಿಸಿರುತ್ತಾರೆ. ರೈತರು ಅಗ್ಗಕ್ಕೆ ಸಿಕ್ಕಿತು ಅಂತ ಮುಂದೆ ಬೇರೆ ಸೈಜು ಹಾಕಿಸಿದರೆ ಆ ಲೆಕ್ಕವೇ ಕೆಡುತ್ತದೆ.

ಹೌಸಿಂಗಿಗೆ ನೀರು

ಕೆರೆ, ಹಳ್ಳ ದಾಟಿ ಬಂದ ಗಾಡಿಯ ಆಕ್ಸಲ್ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಸೀಲ್ ಬದಲಾಯಿಸುವುದಷ್ಟೇ ಸಾಲದು, ಬ್ರೀದರ್ (ಆಕ್ಸಲ್ಲಿನ ಕವಚ, ಅಂದರೆ ಹೌಸಿಂಗಿಗೆ, ಗಾಳಿ ಆಡುವ ಸಣ್ಣ ತೂತು) ಊದಿ ನೋಡಿ. ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಧೂಳಿನಿಂದ ಕಟ್ಟಿದ್ದರೆ ಅದು ಸೀಲಿನ ಅಂಚಿನಿಂದಲೇ ನೀರು ಎಳೆದುಕೊಳ್ಳುತ್ತದೆ. ನಮ್ಮ ಕಡೆಯ ಕೆಂಪು ಧೂಳಿಗೆ ಬ್ರೀದರ್ ಕಟ್ಟುವುದು ಬೇಗ. ಹಳೆ ಆಯಿಲ್ ಡ್ರಮ್ಮಿಗೆ ತುಂಬಿಸಿ, ಪರವಾನಗಿ ಇರುವ ಮರುಬಳಕೆಯವರಿಗೇ ಕೊಡಿ. ಬಾವಿ ಇರುವ ಹೊಲದ ಪಕ್ಕ ಒಂದು ತೊಟ್ಟೂ ನೆಲಕ್ಕೆ ಬೀಳಬಾರದು.