ಮಧ್ಯಾಹ್ನದ ಕರೆಂಟು, ಸಂಜೆ ಏಳರ ಕತ್ತಲೆ

ಮಳೆಗಾಲದಲ್ಲಿ ಒಂದಿನ ಮಧ್ಯಾಹ್ನ ಶಿರಸಿ ಹತ್ತಿರದ ಅಡಿಕೆ ಬೆಳೆಗಾರರೊಬ್ಬರು ಫೋನ್ ಮಾಡಿದರು. ಅವರ ಮಾಡಿನ ಮೇಲೆ ನಾನು 3 ಕಿಲೋವ್ಯಾಟ್ ಸೋಲಾರ್ ಹಾಕಿಕೊಟ್ಟು ಎರಡು ತಿಂಗಳಾಗಿತ್ತು ಅಷ್ಟೆ. "ತಮಾ, ಎಂತದೋ ಇದು? ಬಿಸಿಲಿದ್ದು, ಪ್ಯಾನೆಲ್ ಇದ್ದು, ಕರೆಂಟೇ ಇಲ್ಯಲಾ!"

ರಾತ್ರಿ ಗಾಳಿಗೆ ಮರ ಬಿದ್ದು ಲೈನ್ ಹರಿದಿತ್ತು. ಸಬ್ಸಿಡಿಯಲ್ಲಿ ಹಾಕಿಸುವ ಸೋಲಾರ್ ಹೆಚ್ಚಿನದೆಲ್ಲ ಆನ್-ಗ್ರಿಡ್, ಅಂದರೆ ಲೈನಿಗೆ ಜೋಡಿಸಿದ್ದು. ಲೈನಲ್ಲಿ ಕರೆಂಟ್ ಹೋದ ಕೂಡಲೇ ಇನ್ವರ್ಟರ್, ಅಂದರೆ ಪ್ಯಾನೆಲಿನ ಕರೆಂಟನ್ನು ಮನೆಗೆ ತಕ್ಕಂತೆ ಬದಲಿಸುವ ಪೆಟ್ಟಿಗೆ, ತಾನೂ ಬಂದ್ ಆಗುತ್ತದೆ, ಆಗಲೇಬೇಕು. ಇಲ್ಲದಿದ್ದರೆ ನಿಮ್ಮ ಮನೆಯ ಕರೆಂಟು ಹಿಂದಕ್ಕೆ ಲೈನಿಗೆ ಹರಿದು, ಮಳೆಯಲ್ಲಿ ಕಂಬ ಹತ್ತಿ ತಂತಿ ಕಟ್ಟುತ್ತಿರುವ ಲೈನ್‌ಮನ್‌ಗೆ ಹೊಡೆಯುತ್ತದೆ. ಇದನ್ನು ಹಾಕುವಾಗಲೇ ಹೇಳಿದ್ದೆ. ಆದರೆ 78,000 ರೂಪಾಯಿ ಸಬ್ಸಿಡಿಯ ಮಾತಿನ ನಡುವೆ ಇಂಥದ್ದು ಯಾರ ಕಿವಿಗೂ ಬೀಳುವುದಿಲ್ಲ.

ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳಿದರು. ದೇಶದಲ್ಲಿ ಅರ್ಧ ಕರೆಂಟು ಈಗ ಶುದ್ಧ ಅಂತ ಟಿವಿಯಲ್ಲಿ ಬಂತಲ್ಲ, ಹಾಗಾದರೆ ಕಲ್ಲಿದ್ದಲು ಯಾಕೆ ಬೇಕು? ಒಳ್ಳೆಯ ಪ್ರಶ್ನೆ. 2030ಕ್ಕೆ ಅಂತ ಇಟ್ಟುಕೊಂಡಿದ್ದ ಆ ಗುರಿಯನ್ನು ಭಾರತ 2025ರಲ್ಲೇ ಮುಟ್ಟಿತು, ಸುಳ್ಳಲ್ಲ. ಆದರೆ ಅದು ಮೆಗಾವ್ಯಾಟ್ ಲೆಕ್ಕ, ಎಷ್ಟು ಸಾಮರ್ಥ್ಯದ ಯಂತ್ರ ಕೂರಿಸಿದ್ದೇವೆ ಅನ್ನುವ ಲೆಕ್ಕ. ಯೂನಿಟ್ ಲೆಕ್ಕಕ್ಕೆ, ಅಂದರೆ ನಿಜವಾಗಿ ತಯಾರಾದ ಕರೆಂಟಿನ ಲೆಕ್ಕಕ್ಕೆ ಬಂದರೆ ಈಗಲೂ ನೂರರಲ್ಲಿ ಸುಮಾರು 70 ಕಲ್ಲಿದ್ದಲಿನದ್ದೇ. ನಮ್ಮ ಕೈಗಾ ಅಣುಸ್ಥಾವರದ ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿತ್ತು. ಸೋಲಾರ್ ದಿನಾ ಸಂಜೆ ಮಲಗುತ್ತದೆ, ಆಷಾಢದಲ್ಲಿ ಹಗಲೂ ತೂಕಡಿಸುತ್ತದೆ. ಎರಡನ್ನೂ ಮೆಗಾವ್ಯಾಟಿನಲ್ಲಿ ಅಳೆದು ಒಂದೇ ಸಾಲಿನಲ್ಲಿ ಬರೆದರೆ ಜನಕ್ಕೆ ಗೊಂದಲ ಆಗದೆ ಇನ್ನೇನಾಗುತ್ತದೆ?

ನನ್ನ ಕೆಲಸದಲ್ಲಿ ಜಾಸ್ತಿ ತೊಡಕು ಬರುವುದು ಮಾತ್ರ ರಾಜಕೀಯದಿಂದ. 2024ರಲ್ಲಿ ಕೇಂದ್ರ ಸೂರ್ಯಘರ್ ಯೋಜನೆ ತಂದು, ಮಾಡಿನ ಮೇಲೆ ಸೋಲಾರ್ ಹಾಕಿ ಅಂದಿತು. ಅದಕ್ಕೂ ಮೊದಲು, 2023ರಲ್ಲಿ, ರಾಜ್ಯದ ಗೃಹಜ್ಯೋತಿ 200 ಯೂನಿಟ್‌ವರೆಗೆ ಬಿಲ್ಲೇ ಬೇಡ ಅಂದಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಕುಮಟಾ, ಹೊನ್ನಾವರದ ಸಣ್ಣ ಮನೆಗಳಲ್ಲಿ ನನ್ನ ಮಾತೆಲ್ಲ ಕೇಳಿ, ಚಾ ಕೊಟ್ಟು, "ಬಿಲ್ಲೇ ಬರೂದಿಲ್ಲ, ಸುಮ್ನೆ ಯಾಕೆ ದುಡ್ಡು ಹಾಕೂದು?" ಅಂತ ಕಳಿಸುತ್ತಾರೆ. ಅವರದ್ದೇನೂ ತಪ್ಪಿಲ್ಲ. ಬಡವರ ಬಿಲ್ಲು ತಪ್ಪಿದ್ದಕ್ಕೆ ನನಗೂ ತಕರಾರಿಲ್ಲ, ಆದರೆ ಉಳಿಯುವ ಗಿರಾಕಿಗಳು ಜಾಸ್ತಿ ಬಿಲ್ ಬರುವ ದೊಡ್ಡ ಮನೆಯವರೇ, ಅಂದರೆ ಸಬ್ಸಿಡಿ ಹೆಚ್ಚಾಗಿ ಅವರಿಗೇ ಸೇರುತ್ತದೆ. ಇದು ಯಾವ ಸರ್ಕಾರದ ಜಾಹೀರಾತಿನಲ್ಲೂ ಇರುವುದಿಲ್ಲ.

ದೊಡ್ಡ ಮನೆಯವರೂ ಮಧ್ಯಾಹ್ನದ ಹೆಚ್ಚುವರಿ ಕರೆಂಟನ್ನು ಲೈನಿಗೆ ಬಿಟ್ಟು ಸಂಜೆ ವಾಪಸ್ ಕೇಳುತ್ತಾರೆ. ಮೀಟರಿನಲ್ಲಿ ಲೆಕ್ಕ ಚುಕ್ತಾ ಆಗುತ್ತದೆ, ಲೈನಿನಲ್ಲಿ ಆಗುವುದಿಲ್ಲ. ಸಂಜೆ ಏಳಕ್ಕೆ ಎಲ್ಲಿಂದಲಾದರೂ ತರಲೇಬೇಕು. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಹುಟ್ಟಿದ್ದೇ ಅಲ್ಲಿಂದ: ಹಗಲು ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಸಂಜೆ ಇಳಿಸಿ 2,000 ಮೆಗಾವ್ಯಾಟ್ ತೆಗೆಯುವುದು. ಎತ್ತಲು 100 ಯೂನಿಟ್ ಸುರಿದರೆ ಇಳಿಸುವಾಗ 75–80 ಸಿಗಬಹುದು. ತಂತ್ರ ಸರಿ ಇದೆ. ಆದರೆ ಸುರಂಗ ಕೊರೆಯುವುದು ಸಿಂಗಳೀಕದ ಅಭಯಾರಣ್ಯದ ಒಳಗೆ, ಶಿರೂರಿನಲ್ಲಿ 2024ರ ಜುಲೈನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಉತ್ತರ ಕನ್ನಡ ಜಿಲ್ಲೆಗೂ ಚಾಚಿಕೊಂಡ ಯೋಜನೆ ಇದು. ಸೂಪಾ ಊರನ್ನೇ ಮುಳುಗಿಸಿ ಕಾಳಿ ನದಿಯಿಂದ ಕರೆಂಟು ಮಾಡಿದವರು ನಾವು, ಅದನ್ನೂ ಶುದ್ಧ ಅಂತಲೇ ಕರೆಯುತ್ತೇವೆ ಅಲ್ವಾ? ಸೋಲಾರ್ ಮಾರಿಯೇ ಹೊಟ್ಟೆ ಹೊರೆಯುವ ನನಗೂ ಈ ಸುರಂಗ ಒಪ್ಪಿಗೆಯಿಲ್ಲ. ಅದೇ ದುಡ್ಡಲ್ಲಿ ಸಬ್‌ಸ್ಟೇಷನ್‌ಗಳಲ್ಲಿ, ಮನೆಗಳಲ್ಲಿ ಬ್ಯಾಟರಿ ಇಡುವುದನ್ನು ಮೊದಲು ನೋಡಲಿ.

ಲೈನ್ ಹೋದಾಗಲೂ ಕರೆಂಟ್ ಬೇಕಿದ್ದರೆ ಬ್ಯಾಟರಿ ಬೇಕು, ಅದಕ್ಕೆ ಸೂರ್ಯಘರ್‌ನಲ್ಲಿ ಸಬ್ಸಿಡಿ ಇಲ್ಲ. ಆ ಬೆಳೆಗಾರರಿಗೂ ಇದನ್ನೇ ಹೇಳಿ ರೇಟ್ ಹೇಳಿದೆ. ಸ್ವಲ್ಪ ಹೊತ್ತು ಫೋನಿನಲ್ಲಿ ಮಾತೇ ಇಲ್ಲ. ಆಮೇಲೆ, "ಅಡಿಕೆ ಕೊಯ್ಲು ಮುಗೀಲಿ ತಮಾ, ನೋಡನ" ಅಂದರು. ಲೈನ್ ಬಂದದ್ದು ಮರುದಿನ ಸಂಜೆ, ಬಿಸಿಲು ಇಳಿದ ಮೇಲೆ.