ಹಳಸಿದ ಪೆಟ್ರೋಲ್: ನಿಂತ ಎಂಜಿನ್ನಿನ ಇಂಧನಕ್ಕೆ ಆಗುವುದೇನು

ಹುಲ್ಲು ಕತ್ತರಿಸುವ ಯಂತ್ರ, ಬ್ರಶ್ ಕಟರ್, ಮರ ಕೊಯ್ಯುವ ಗರಗಸ, ಔಷಧಿ ಸಿಂಪಡಿಸುವ ಪಂಪು, ಸಣ್ಣ ಜನರೇಟರ್ ಮೊದಲಾದವು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ದುಡಿದು ಉಳಿದ ಕಾಲ ಮೂಲೆ ಹಿಡಿಯುವ ಯಂತ್ರಗಳು. ಮುಂದಿನ ಹಂಗಾಮಿಗೆ ಅವುಗಳನ್ನು ಹೊರತೆಗೆದು ಹಗ್ಗ ಎಳೆದಾಗ ಎಂಜಿನ್ ಉಸಿರೆತ್ತದಿದ್ದರೆ, ಮೆಕ್ಯಾನಿಕ್‌ಗಳು ಮೊದಲು ಸಂಶಯಪಡುವುದು ಟ್ಯಾಂಕಿನಲ್ಲಿ ಉಳಿದುಹೋದ ಪೆಟ್ರೋಲನ್ನು. ಶೇಖರಣೆಯ ಅವಧಿಯಲ್ಲಿ ಪೆಟ್ರೋಲಿನ ಸಂಯೋಜನೆ ಬದಲಾಗಿ, ಅದು ಎಂಜಿನ್ನನ್ನು ಸರಿಯಾಗಿ ಚಾಲೂ ಮಾಡುವ ಅಥವಾ ಓಡಿಸುವ ಗುಣವನ್ನು ಕಳೆದುಕೊಂಡಿದ್ದರೆ ಅದನ್ನು ಹಳಸಿದ ಪೆಟ್ರೋಲ್ ಎನ್ನುತ್ತಾರೆ. ಈ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಕ್ರಿಯೆಗಳು ಅಡಗಿವೆ. ಅವುಗಳ ಕಾರಣವೂ ಪರಿಹಾರವೂ ಬೇರೆಯಾಗಿರುವುದರಿಂದ, ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಮೊದಲನೆಯದು ಆವಿಯಾಗುವಿಕೆ. ಪೆಟ್ರೋಲ್ ಎಂಬುದು ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅವುಗಳಲ್ಲಿ ಕೆಲವು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದರೆ, ಇನ್ನು ಕೆಲವು 200 ಡಿಗ್ರಿ ದಾಟಿದ ಮೇಲೆ ಕುದಿಯುತ್ತವೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಅನಿಲವಾಗುವ ಬ್ಯೂಟೇನ್ ಕೂಡ ಅದರಲ್ಲಿ ಕರಗಿರುತ್ತದೆ. ತಣ್ಣಗಿರುವ ಎಂಜಿನ್ ಮೊದಲ ಕಿಡಿಗೆ ಹೊತ್ತಿಕೊಳ್ಳುವುದು ಈ ಹಗುರ ಅಂಶಗಳ ಆವಿಯಿಂದಲೇ. ಗಾಳಿಯಾಡುವ ಮುಚ್ಚಳವಿರುವ ಟ್ಯಾಂಕಿನಿಂದ ಮೊದಲು ಪಾರಾಗುವುದೂ ಅವೇ. ಉಳಿದ ದ್ರವವನ್ನು ಬೆಂಕಿಗೆ ಹಿಡಿದರೆ ಚೆನ್ನಾಗಿಯೇ ಉರಿಯುತ್ತದೆ, ಆದ್ದರಿಂದ ‘ಪೆಟ್ರೋಲ್ ಸರಿಯಾಗಿಯೇ ಇದೆ’ ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ; ಆದರೆ ಆ ಪರೀಕ್ಷೆ ಅಪಾಯಕಾರಿ ಮಾತ್ರವಲ್ಲ, ಅದರಿಂದ ಏನೂ ತಿಳಿಯುವುದೂ ಇಲ್ಲ.

ಎರಡನೆಯದು ಉತ್ಕರ್ಷಣೆ, ಅಂದರೆ ಗಾಳಿಯ ಆಮ್ಲಜನಕದೊಂದಿಗೆ ನಡೆಯುವ ನಿಧಾನ ಪ್ರತಿಕ್ರಿಯೆ. ಭಾರವಾದ ಕಚ್ಚಾ ಅಂಶಗಳನ್ನು ಸಂಸ್ಕರಣಾಗಾರದಲ್ಲಿ ಒಡೆದು ಪೆಟ್ರೋಲ್ ತಯಾರಿಸುವಾಗ ಓಲಿಫಿನ್ ಎಂಬ ದ್ವಿಬಂಧವಿರುವ ಅಣುಗಳು ಹುಟ್ಟುತ್ತವೆ. ಇವು ಆಮ್ಲಜನಕದೊಂದಿಗೆ ಸೇರಿ ಮೊದಲು ಪೆರಾಕ್ಸೈಡ್‌ಗಳಾಗುತ್ತವೆ, ಆಮೇಲೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಅಂಟಾದ ದೊಡ್ಡ ಅಣುಗಳಾಗುತ್ತವೆ. ಬಣ್ಣಕ್ಕೆ ಬೆರೆಸಿದ ಅಗಸೆ ಎಣ್ಣೆ ಗೋಡೆಯ ಮೇಲೆ ಗಟ್ಟಿಯಾಗುವುದೂ ಇದೇ ಬಗೆಯ ರಸಾಯನಕ್ರಿಯೆಯಿಂದ. ಎಂಜಿನ್ ಭಾಷೆಯಲ್ಲಿ ಈ ಅಂಟಿಗೆ ಗಮ್ ಎಂದೂ, ಅದು ಒಣಗಿ ಲೋಹಕ್ಕೆ ಹತ್ತಿಕೊಂಡ ಕಂದು ಪದರಕ್ಕೆ ವಾರ್ನಿಶ್ ಎಂದೂ ಹೆಸರು. ತಾಪಮಾನ ಸುಮಾರು 10 ಡಿಗ್ರಿ ಏರಿದರೆ ಇಂಥ ಪ್ರತಿಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತಾಮ್ರದಂಥ ಲೋಹಗಳ ಸಂಪರ್ಕವೂ ಬೆಳಕೂ ಅದನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ಸಂಸ್ಕರಣಾಗಾರದವರಿಗೆ ಇದು ತಿಳಿಯದ ವಿಷಯವೇನಲ್ಲ. ಪೆಟ್ರೋಲ್ ಎಷ್ಟು ಹೊತ್ತು ಉತ್ಕರ್ಷಣೆಯನ್ನು ತಡೆದುಕೊಳ್ಳಬಲ್ಲದು ಎಂಬುದನ್ನು 100 ಡಿಗ್ರಿ ಶಾಖದಲ್ಲಿ, ಒತ್ತಡದ ಆಮ್ಲಜನಕ ತುಂಬಿದ ಪಾತ್ರೆಯಲ್ಲಿಟ್ಟು ನಿಮಿಷಗಳಲ್ಲಿ ಅಳೆಯುವ, ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಡಿ525 ಎಂಬ ಪರೀಕ್ಷೆಯೇ ಇದೆ. ಅಮೆರಿಕದ ಮಾನದಂಡ ಕನಿಷ್ಠ 240 ನಿಮಿಷಗಳನ್ನು ಕೇಳಿದರೆ, ಯೂರೋಪಿನದು 360 ನಿಮಿಷಗಳನ್ನು ಕೇಳುತ್ತದೆ. ಆದರೆ ಆ ಮಾನದಂಡಗಳು ಪೆಟ್ರೋಲ್ ವಾರಗಳಲ್ಲಿ ಖರ್ಚಾಗಿಹೋಗುವ ಲೋಕವನ್ನು ಮನಸ್ಸಿನಲ್ಲಿಟ್ಟುಕೊಂಡವು. ಆರೆಂಟು ತಿಂಗಳು ಕದಲದೆ ನಿಲ್ಲುವ ಗರಗಸ ಅವುಗಳ ಲೆಕ್ಕದಲ್ಲಿ ದೊಡ್ಡ ಗಿರಾಕಿಯಲ್ಲ.

ಮೂರನೆಯದು ಎಥನಾಲ್ ಬೆರೆಸಿದ ಪೆಟ್ರೋಲಿಗೆ ಮಾತ್ರ ಸಂಬಂಧಿಸಿದ ಪದರ ಒಡೆಯುವಿಕೆ. ಶುದ್ಧ ಪೆಟ್ರೋಲಿನಲ್ಲಿ ಲೀಟರಿಗೆ ಕೆಲವೇ ಹನಿ ನೀರು ಕರಗಬಹುದು, ಹೆಚ್ಚಾದದ್ದು ಕೆಳಗೆ ಇಳಿದು ಕೂರುತ್ತದೆ. ಎಥನಾಲ್‌ಗೆ ನೀರೂ ಬೇಕು, ಪೆಟ್ರೋಲೂ ಬೇಕು. ಶೇಕಡಾ 10ರಷ್ಟು ಎಥನಾಲ್ ಇರುವ ಮಿಶ್ರಣ ಸುಮಾರು 15 ಡಿಗ್ರಿಯಲ್ಲಿ ಲೀಟರಿಗೆ 5 ಮಿಲಿಲೀಟರಿನಷ್ಟು ನೀರನ್ನು ಕಣ್ಣಿಗೆ ಕಾಣದಂತೆ ಹಿಡಿದಿಟ್ಟುಕೊಳ್ಳುತ್ತದೆ. ಆ ಮಿತಿ ದಾಟಿದಾಗ, ಇಲ್ಲವೇ ರಾತ್ರಿ ತಾಪಮಾನ ಇಳಿದು ಮಿತಿಯೇ ಕುಗ್ಗಿದಾಗ, ಎಥನಾಲ್ ನೀರಿನ ಪಕ್ಷ ವಹಿಸಿ ಅದರೊಂದಿಗೇ ತಳಕ್ಕೆ ಇಳಿದುಬಿಡುತ್ತದೆ. ಆಗ ತಳದಲ್ಲಿ ಎಥನಾಲ್ ಮತ್ತು ನೀರಿನ ಒಂದು ಪದರ, ಮೇಲೆ ಆಕ್ಟೇನ್ (ಎಂಜಿನ್ನಿನಲ್ಲಿ ಬಡಿತವಿಲ್ಲದೆ ಉರಿಯುವ ಗುಣದ ಅಳತೆ) ಇಳಿದ ಪೆಟ್ರೋಲಿನ ಇನ್ನೊಂದು ಪದರ ಆಗುತ್ತದೆ. ಎಂಜಿನ್ನಿಗೆ ಇಂಧನ ಹೋಗುವ ಕೊಳವೆ ಇರುವುದು ಟ್ಯಾಂಕಿನ ತಳದಲ್ಲಾದ್ದರಿಂದ ಅದು ಮೊದಲು ಹೀರುವುದು ಆ ನೀರಿನ ಪದರವನ್ನೇ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಇದು ಸ್ಟಾರ್ಟ್ ಆಗದಿರುವ ತೊಂದರೆಗಷ್ಟೇ ನಿಲ್ಲುವುದಿಲ್ಲ: ಪೆಟ್ರೋಲಿಗೆ ಬೆರೆಸಿದ ಆಯಿಲ್ ಬಹುಪಾಲು ಮೇಲಿನ ಪದರದಲ್ಲೇ ಉಳಿಯುವುದರಿಂದ, ಹೇಗೋ ಹೊತ್ತಿಕೊಂಡ ಎಂಜಿನ್ ಆಯಿಲ್ ಇಲ್ಲದ ಇಂಧನದಲ್ಲಿ ಓಡಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಎಥನಾಲ್ ಪ್ರಮಾಣ ಹೆಚ್ಚಿದಷ್ಟೂ ಪದರ ಬೇಗ ಒಡೆಯುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವ ಇದಕ್ಕೆ ತಿರುಗುಮುರುಗು; ಶೇಕಡಾ 20ರ ಮಿಶ್ರಣ ಶೇಕಡಾ 10ರದ್ದಕ್ಕಿಂತ ಹೆಚ್ಚು ನೀರನ್ನು ತಡೆದುಕೊಳ್ಳುತ್ತದೆ. ಆದರೆ ಅದಕ್ಕೆ ಹೊಂದದ ರಬ್ಬರ್ ಕೊಳವೆ, ಸೀಲು ಮತ್ತು ಲೋಹದ ಭಾಗಗಳಿಗೆ ಅದರ ಕಾಟವೂ ಹೆಚ್ಚು.

ಇಷ್ಟೆಲ್ಲ ನಡೆಯುವುದು ಟ್ಯಾಂಕಿನಲ್ಲಿ ಎಂದು ತಿಳಿದು ಜನ ಟ್ಯಾಂಕಿನ ಚಿಂತೆ ಮಾಡುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ ನಿಜವಾದ ಹಾನಿ ಆಗುವುದು ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಫ್ಲೋಟ್ ಬಟ್ಟಲಿನಲ್ಲಿ, ಅಲ್ಲಿ ನಿಂತುಬಿಟ್ಟ ಕೆಲವೇ ಚಮಚ ಪೆಟ್ರೋಲಿನಿಂದ. ಆ ಬಟ್ಟಲಿಗೆ ಹೊರಗಾಳಿಯ ಕಿಂಡಿ ಇರುತ್ತದೆ, ದ್ರವದ ಪ್ರಮಾಣ ಅತಿ ಕಡಿಮೆ, ಸುತ್ತ ಹಿತ್ತಾಳೆ ಮತ್ತು ಸತು ಮಿಶ್ರಲೋಹ. ಅಂದರೆ ಆವಿಯಾಗಲು ಮತ್ತು ಉತ್ಕರ್ಷಣೆ ನಡೆಯಲು ಬೇಕಾದ ಎಲ್ಲ ಅನುಕೂಲಗಳೂ ಅಲ್ಲಿವೆ. ಐಡ್ಲಿಂಗ್‌ಗೆ ಇಂಧನ ಕೊಡುವ ಪೈಲಟ್ ಜೆಟ್ಟಿನ ರಂಧ್ರ ಸಣ್ಣ ಎಂಜಿನ್ನುಗಳಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ ಇರುವುದು ಸಾಮಾನ್ಯ. 0.4 ಮಿಲಿಮೀಟರ್ ರಂಧ್ರದ ಒಳಗೋಡೆಗೆ ಕೂದಲಿಗಿಂತ ತೆಳುವಾದ 0.05 ಮಿಲಿಮೀಟರ್ ವಾರ್ನಿಶ್ ಅಂಟಿದರೆ ಉಳಿಯುವ ವ್ಯಾಸ 0.3 ಮಿಲಿಮೀಟರ್, ಲೆಕ್ಕ ಹಾಕಿದರೆ ದಾರಿಯ ವಿಸ್ತೀರ್ಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಚೋಕ್ ಎಳೆದಿರುವಷ್ಟು ಹೊತ್ತು ಓಡಿ ಚೋಕ್ ಬಿಟ್ಟೊಡನೆ ಕೈಕೊಡುವ, ಅಥವಾ ಥ್ರಾಟಲ್ ಕದಲಿಸದಿದ್ದರೂ ವೇಗ ತಾನಾಗಿಯೇ ಏರಿಳಿಯುವ ಎಂಜಿನ್ನಿನ ಹಿಂದೆ ಬಹುಮಟ್ಟಿಗೆ ಇದೇ ಕಥೆ ಇರುತ್ತದೆ. ಟ್ಯಾಂಕಿಗೆ ಹೊಸ ಪೆಟ್ರೋಲ್ ಸುರಿದರೂ ಇದು ವಾಸಿಯಾಗದಿರುವುದು ಸಹಜ, ಏಕೆಂದರೆ ಒಮ್ಮೆ ಗಟ್ಟಿಯಾದ ವಾರ್ನಿಶ್ ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಜೆಟ್ ಬಿಚ್ಚಿ ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿ ಗಾಳಿ ಊದಬೇಕು. ಗಟ್ಟಿ ತಂತಿ ಚುಚ್ಚಿದರೆ ಮೆದು ಹಿತ್ತಾಳೆಯ ರಂಧ್ರವೇ ಹಿಗ್ಗಿ ಇಂಧನದ ಅಳತೆ ಶಾಶ್ವತವಾಗಿ ಕೆಡುತ್ತದೆ.

ಆದ್ದರಿಂದ ಟ್ಯಾಂಕಿನ ಬಗ್ಗೆ ಏನೇ ತೀರ್ಮಾನಿಸಿದರೂ ಕಾರ್ಬುರೇಟರನ್ನು ಮಾತ್ರ ಬರಿದು ಮಾಡಿಯೇ ಯಂತ್ರವನ್ನು ಒಳಗಿಡುವುದು ಒಳ್ಳೆಯದು. ಪೆಟ್ರೋಲ್ ಕಾಕ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುವುದು ಎಲ್ಲರಿಗೂ ಗೊತ್ತಿರುವ ವಿಧಾನ. ಆದರೆ ಬಟ್ಟಲಿನ ಮಟ್ಟ ಮುಖ್ಯ ಜೆಟ್ಟಿನ ಬಾಯಿಗಿಂತ ಕೆಳಗೆ ಇಳಿದೊಡನೆ ಎಂಜಿನ್ ನಿಂತುಬಿಡುತ್ತದೆ, ತಳದಲ್ಲಿ ಇನ್ನೊಂದಿಷ್ಟು ಪೆಟ್ರೋಲ್ ಉಳಿದೇ ಇರುತ್ತದೆ. ಬಟ್ಟಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಅದನ್ನೂ ಇಳಿಸಿದರೇ ಕೆಲಸ ಪೂರ್ಣ. ಗರಗಸ, ಬ್ರಶ್ ಕಟರುಗಳ ಕಾರ್ಬುರೇಟರಿನಲ್ಲಿ ಬಟ್ಟಲಿನ ಬದಲು ಡಯಾಫ್ರಾಮ್ ಎಂಬ ತೆಳು ಪೊರೆ ಇರುತ್ತದೆ. ಅದನ್ನು ಒಣಗಿಸಿದರೆ ಬಿರುಸಾಗುತ್ತದೆ ಎಂಬ ವಾದವೂ ಇದೆಯಾದರೂ, ಡಯಾಫ್ರಾಮ್ ಅಂಟಿಕೊಳ್ಳುವ ಅಪಾಯವನ್ನು ಮುಂದಿಟ್ಟು ಟ್ಯಾಂಕ್ ಖಾಲಿ ಮಾಡಿ ಕಾರ್ಬುರೇಟರ್ ಬರಿದಾಗುವವರೆಗೆ ಓಡಿಸಿ ಎಂದು ಹೇಳುವ ಕೈಪಿಡಿಗಳಿವೆ. ಇಲ್ಲಿ ನಿಮ್ಮ ಯಂತ್ರದ ಕೈಪಿಡಿಯ ಮಾತೇ ಕೊನೆಯದು.

ಟ್ಯಾಂಕ್ ತುಂಬಿಸಿಡಬೇಕೋ ಖಾಲಿ ಮಾಡಬೇಕೋ ಎಂಬ ಹಳೆಯ ಜಗಳಕ್ಕೆ ಉತ್ತರ ಟ್ಯಾಂಕ್ ಯಾವುದರಿಂದ ಮಾಡಿದ್ದು ಎಂಬುದರಲ್ಲಿದೆ. ಉಕ್ಕಿನ ಟ್ಯಾಂಕ್ ಅರ್ಧ ತುಂಬಿದ್ದರೆ ಹಗಲು ರಾತ್ರಿಯ ತಾಪದ ಏರಿಳಿತಕ್ಕೆ ಗಾಳಿ ಒಳಹೋಗಿ ಹೊರಬರುತ್ತ ಬರಿ ಗೋಡೆಯ ಮೇಲೆ ತೇವ ಕೂಡಿ ತುಕ್ಕು ಹಿಡಿಯುತ್ತದೆ, ಹಾಗಾಗಿ ಅದನ್ನು ಸ್ಟೆಬಿಲೈಸರ್, ಅಂದರೆ ಹಳಸುವುದನ್ನು ನಿಧಾನಿಸುವ ದ್ರಾವಣ, ಬೆರೆಸಿದ ಹೊಸ ಪೆಟ್ರೋಲಿನಿಂದ ತುಂಬಿಡುವುದು ಲೇಸು. ಪ್ಲಾಸ್ಟಿಕ್ ಟ್ಯಾಂಕಿಗೆ ತುಕ್ಕಿನ ಭಯವಿಲ್ಲ, ಖಾಲಿ ಮಾಡುವುದೇ ಸರಳ.

ಸ್ಟೆಬಿಲೈಸರ್ ಎಂಬ ಸೀಸೆಯ ಬಗ್ಗೆ ನಿರೀಕ್ಷೆಗಳು ಅತಿಯಾಗಿವೆ. ಅದರಲ್ಲಿ ಮುಖ್ಯವಾಗಿ ಇರುವುದು ಫೀನಾಲ್ ಜಾತಿಯ ಉತ್ಕರ್ಷಣ ನಿರೋಧಕಗಳು, ಜೊತೆಗೆ ತುಕ್ಕು ತಡೆಯುವ ಮತ್ತು ತಾಮ್ರದಂಥ ಲೋಹಗಳ ಪ್ರಚೋದನೆಯನ್ನು ಅಡಗಿಸುವ ವಸ್ತುಗಳು. ಗಮ್ ಹುಟ್ಟಿಸುವ ಸರಪಳಿ ಕ್ರಿಯೆಯನ್ನು ಈ ನಿರೋಧಕಗಳು ತಾವೇ ಬಲಿಯಾಗಿ ತುಂಡರಿಸುತ್ತವೆ, ಮುಗಿದುಹೋದ ಮೇಲೆ ರಕ್ಷಣೆಯೂ ಮುಗಿಯುತ್ತದೆ. ಹಾರಿಹೋದ ಹಗುರ ಅಂಶಗಳನ್ನು ಅದು ಮರಳಿ ತರುವುದಿಲ್ಲ, ಒಡೆದ ಪದರಗಳನ್ನು ಕೂಡಿಸುವುದಿಲ್ಲ, ಹಳಸಿದ್ದನ್ನು ಹೊಸದಾಗಿಸುವುದಿಲ್ಲ. ಪಂಪಿನಿಂದ ತಂದ ದಿನವೇ ಬೆರೆಸಬೇಕು. ಟ್ಯಾಂಕಿನಲ್ಲೇ ಬಿಡುವುದಾದರೆ ಬೆರೆಸಿದ ಮೇಲೆ ಐದ್ಹತ್ತು ನಿಮಿಷ ಎಂಜಿನ್ ಓಡಿಸಿ ಆ ಇಂಧನ ಕಾರ್ಬುರೇಟರಿಗೂ ತಲುಪುವಂತೆ ನೋಡಿಕೊಳ್ಳಬೇಕು. ಏನೂ ಬೆರೆಸದ ಎಥನಾಲ್ ಮಿಶ್ರಿತ ಪೆಟ್ರೋಲ್ ಯಂತ್ರದ ಟ್ಯಾಂಕಿನಲ್ಲಿ ಒಂದು ತಿಂಗಳು, ಬಿಗಿಯಾದ ಕ್ಯಾನಿನಲ್ಲಿ ತಂಪಾದ ಕಡೆ ಮೂರು ತಿಂಗಳು ಎಂದು ಲೆಕ್ಕ ಇಟ್ಟುಕೊಂಡರೆ ತಪ್ಪಾಗಲಾರದು.

ಕ್ಯಾನಿನಲ್ಲಿ ಇಡುವವರು ಅದನ್ನು ಬಹುಪಾಲು ತುಂಬಿಸಬೇಕು, ಆದರೆ ಕಂಠಪೂರ್ತಿ ತುಂಬಿಸಬಾರದು. ಪೆಟ್ರೋಲ್ ಪ್ರತಿ ಡಿಗ್ರಿಗೆ ಸುಮಾರು ಸಾವಿರದ ಒಂದು ಪಾಲು ಹಿಗ್ಗುತ್ತದೆ. 5 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಸುಮಾರು 100 ಮಿಲಿಲೀಟರ್ ಹೆಚ್ಚುತ್ತದೆ. ಇಂಧನಕ್ಕೆಂದೇ ತಯಾರಾದ ಕ್ಯಾನ್ ಬೇಕು. ಕುಡಿಯುವ ನೀರಿನ ಬಾಟಲಿ ಅದಕ್ಕೆ ತಕ್ಕದ್ದಲ್ಲ, ತವರ ಬಣ್ಣದ ಸತು ಲೇಪಿತ ಡಬ್ಬಿಯೂ ಸಲ್ಲದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಿದ್ದು ನೆಲ ಹಿಡಿದು ಹರಿಯುತ್ತದೆ, ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಹೀಗಾಗಿ ವಾಸದ ಕೋಣೆ, ಒಲೆ, ಗೀಸರ್ ಇರುವ ಕಡೆ ಕ್ಯಾನ್ ಇಡಲೇಬಾರದು. ಕ್ಯಾನಿನ ಮೇಲೆ ತಂದ ದಿನಾಂಕವನ್ನೂ ಟೂ ಸ್ಟ್ರೋಕ್ ಆಯಿಲ್ ಬೆರೆಸಿದ್ದರೆ ಅದರ ಪ್ರಮಾಣವನ್ನೂ ಬರೆದಿಡುವುದು ಎಲ್ಲ ಸ್ಟೆಬಿಲೈಸರಿಗಿಂತ ಅಗ್ಗದ ಉಪಾಯ.

ಕೆಲವು ದೇಶಗಳಲ್ಲಿ ಸಣ್ಣ ಎಂಜಿನ್ನುಗಳಿಗೆಂದೇ ಮಾರುವ ಆಲ್ಕಿಲೇಟ್ ಪೆಟ್ರೋಲಿನಲ್ಲಿ ಓಲಿಫಿನ್ ಮತ್ತು ಆರೊಮ್ಯಾಟಿಕ್ (ಉಂಗುರ ರಚನೆಯ ಹೈಡ್ರೋಕಾರ್ಬನ್) ಅಂಶಗಳು ಇಲ್ಲವೆನ್ನುವಷ್ಟು ಕಡಿಮೆ, ಎಥನಾಲ್ ಇಲ್ಲವೇ ಇಲ್ಲ. ಗಮ್ ಆಗುವ ಕಚ್ಚಾವಸ್ತುವೇ ಇಲ್ಲದ ಕಾರಣ ಅದು ಮುಚ್ಚಿದ ಕ್ಯಾನಿನಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಬೆಲೆ ಹೆಚ್ಚಾದ್ದರಿಂದ ಹಂಗಾಮು ಪೂರ್ತಿ ಅದನ್ನೇ ಸುಡದೆ, ಯಂತ್ರವನ್ನು ಎತ್ತಿಡುವ ಮುನ್ನ ಕೊನೆಯ ಟ್ಯಾಂಕಿಗೆ ಮಾತ್ರ ಬಳಸುವುದು ಜಾಣತನ.

ಕೈಯಲ್ಲಿರುವ ಪೆಟ್ರೋಲ್ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ಸ್ವಲ್ಪವನ್ನು ಪಾರದರ್ಶಕ ಗಾಜಿನ ಜಾಡಿಗೆ ಸುರಿದು ಬೆಳಕಿಗೆ ಹಿಡಿದರೆ ಸಾಕು. ಬಣ್ಣ ಕಂದಿಗೆ ತಿರುಗಿ ತೀಕ್ಷ್ಣ ವಾಸನೆಯ ಬದಲು ಹುಳಿ ಹುಳಿಯಾದ, ಹಳೆಯ ಬಣ್ಣದ ಡಬ್ಬಿಯಂಥ ವಾಸನೆ ಬಂದರೆ ಉತ್ಕರ್ಷಣೆ ಮುಂದುವರಿದಿದೆ ಎಂದರ್ಥ. ತಳದಲ್ಲಿ ಬೇರೆಯದೇ ಪದರ, ನಡುವೆ ಸ್ಪಷ್ಟ ಗೆರೆ ಕಂಡರೆ ಎಥನಾಲ್ ಬೇರ್ಪಟ್ಟಿದೆ. ಎರಡೂ ಇಲ್ಲದೆ ಬರಿ ಕೆಲವು ತಿಂಗಳು ಹಳೆಯದಾಗಿದ್ದರೆ, ಆಯಿಲ್ ಬೆರೆಸದಿದ್ದ ಪಕ್ಷದಲ್ಲಿ, ಕಾರಿನ ತುಂಬಿದ ಟ್ಯಾಂಕಿಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಖರ್ಚು ಮಾಡಬಹುದು. ಬಣ್ಣ ಕೆಟ್ಟದ್ದನ್ನೂ ಪದರ ಒಡೆದದ್ದನ್ನೂ ಯಾವ ಎಂಜಿನ್ನಿಗೂ ಹಾಕಬಾರದು. ಮೇಲಿನ ಪದರವನ್ನು ಮಾತ್ರ ಬಸಿದುಕೊಳ್ಳುವ ಆಸೆಯೂ ಬೇಡ, ಎಥನಾಲ್ ಹೋದ ಮೇಲೆ ಅದರ ಆಕ್ಟೇನ್ ಇಳಿದಿರುತ್ತದೆ. ಕೆಟ್ಟ ಪೆಟ್ರೋಲನ್ನು ಮಣ್ಣಿಗೂ ಚರಂಡಿಗೂ ಚೆಲ್ಲದೆ, ಮುಚ್ಚಿದ ಇಂಧನ ಕ್ಯಾನಿನಲ್ಲೇ ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವವರಿಗೆ ಒಪ್ಪಿಸಬೇಕು.