ನೀರು ಗೇಟಿಗಿಂತ ಮೊದಲು ಬಚ್ಚಲಿನಿಂದ ಬರುತ್ತದೆ

ಬೆಂಗಳೂರಿನಲ್ಲಿ ಒಂದು ಜೋರು ಮಳೆ ಬಿದ್ದರೆ ಸಾಕು, ಮನೆ ರಿಪೇರಿ ಕೆಲಸ ನೋಡುವ ನಮ್ಮಂಥ ಎಂಜಿನಿಯರ್‌ಗಳ ಫೋನು ಸುಮ್ಮನಿರುವುದಿಲ್ಲ. ಹೆಚ್ಚಿನವರು ಕೇಳುವುದು ಒಂದೇ: "ಸರ್, ಗೇಟಿಗೆ ಏನಾದ್ರೂ ತಡೆ ಹಾಕಿಸಬೇಕು, ಎಷ್ಟಾಗತ್ತೆ?" ಮನೆಯೊಳಗೆ ನೀರು ಮೊದಲು ಎಲ್ಲಿ ಕಾಣಿಸಿತು ಎಂದು ನಾನು ಕೇಳುತ್ತೇನೆ. ಸ್ವಲ್ಪ ಯೋಚಿಸಿ, "ಬಚ್ಚಲಲ್ಲಿ" ಎನ್ನುತ್ತಾರೆ. ಹಾಗಾದರೆ ಗೇಟಿಗೆ ದುಡ್ಡು ಸುರಿಯುವ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ.

ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿಯ ಪೈಪು ಇರುವುದು ಕೊಳಚೆ ನೀರಿಗೆ. ಮಳೆನೀರು ಹೋಗಬೇಕಾದ್ದು ಮೋರಿಗೆ, ಅಲ್ಲಿಂದ ರಾಜಕಾಲುವೆಗೆ. ಆದರೆ ಎಷ್ಟೋ ಮನೆಗಳಲ್ಲಿ ತಾರಸಿಯ ಪೈಪನ್ನು ಸುಲಭ ಅಂತ ಯುಜಿಡಿ ಚೇಂಬರಿಗೇ ಸೇರಿಸಿರುತ್ತಾರೆ. 1,200 ಚದರ ಅಡಿ ತಾರಸಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,800 ಲೀಟರ್ ನೀರು. ಬೀದಿಯ ಅರ್ಧ ಮನೆಗಳು ಹೀಗೆ ಮಾಡಿದರೆ ಪೈಪು ತುಂಬುತ್ತದೆ. ತುಂಬಿದ ನೀರು ಎಲ್ಲಿ ತಗ್ಗಾದ ಬಾಯಿ ಸಿಗುತ್ತದೋ ಅಲ್ಲಿ ಮೇಲೆ ಬರುತ್ತದೆ. ಆ ಬಾಯಿ ನಿಮ್ಮ ಬಚ್ಚಲಿನ ನೆಲದಲ್ಲಿ ನೀರು ಹೋಗುವ ಜಾಲರಿ, ಅಂದರೆ ನಹಾನಿ ಟ್ರ್ಯಾಪ್ ಆಗಿರಬಹುದು.

ಹಳೆ ಬಡಾವಣೆಗಳಲ್ಲಿ ಇದು ಜಾಸ್ತಿ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟಿನ ವೈಟ್‌ಟಾಪಿಂಗ್. ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಇಳಿದು ಹೋಗಬೇಕು. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಮೇಲೆ, ನಿಮ್ಮ ಬಚ್ಚಲಿನ ನೆಲ ಕೆಳಗೆ. ನಿಮ್ಮ ಮನೆ ಹೀಗಿದೆಯೇ ಎಂದು ತಿಳಿಯಲು ಎಂಜಿನಿಯರೇ ಬೇಕಿಲ್ಲ. ಮೇಸ್ತ್ರಿಯ ಹತ್ತಿರ ಲೆವೆಲ್ ಟ್ಯೂಬ್, ಅಂದರೆ ಮಟ್ಟ ನೋಡುವ ನೀರು ತುಂಬಿದ ಪೈಪು ಇರುತ್ತದೆ. ಒಂದು ತುದಿ ಮ್ಯಾನ್‌ಹೋಲ್ ಪಕ್ಕ, ಇನ್ನೊಂದು ತುದಿ ಬಚ್ಚಲಲ್ಲಿ ಹಿಡಿದು ಅಳೆಯಲಿ.

ಬಚ್ಚಲು ತಗ್ಗಿದ್ದರೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಪ್ಲಂಬರ್‌ಗಳು ಎನ್‌ಆರ್‌ವಿ ಅನ್ನುತ್ತಾರೆ. ಕಾಂಪೌಂಡಿನೊಳಗಿನ ಕೊನೆಯ ಚೇಂಬರಿನಲ್ಲಿ, ರಸ್ತೆ ಲೈನಿಗೆ ಸೇರುವ ಮೊದಲು ಇದು ಕೂರಬೇಕು. ಒಳಗಿರುವ ಒಂದು ಮುಚ್ಚಳ ಹೊರಗೆ ಹೋಗುವ ನೀರಿಗೆ ತೆರೆದುಕೊಳ್ಳುತ್ತದೆ, ವಾಪಸ್ ಬರುವ ನೀರಿಗೆ ಮುಚ್ಚಿಕೊಳ್ಳುತ್ತದೆ. ವಾಲ್ವ್, ಕೂಲಿ, ಚೇಂಬರ್ ರಿಪೇರಿ ಸೇರಿ ಕೆಲವು ಸಾವಿರ ರೂಪಾಯಿಯಲ್ಲಿ ಮುಗಿಯುವ ಕೆಲಸ. ಕೂದಲು, ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಮುಚ್ಚಳ ಪೂರ್ತಿ ಕೂರುವುದಿಲ್ಲ. ಹಾಗಾಗಿ ಅದನ್ನು ಮಣ್ಣಲ್ಲಿ ಹೂಳಿಸಬೇಡಿ, ಕೈಗೆ ಸಿಗುವಂತಿರಲಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ತೆಗೆದು ತೊಳೆಸಿ.

ಇಲ್ಲೊಂದು ತೊಡಕಿದೆ. ವಾಲ್ವ್ ಮುಚ್ಚಿಕೊಂಡಾಗ ನಿಮ್ಮ ಮನೆಯ ನೀರೂ ಹೊರಗೆ ಹೋಗುವುದಿಲ್ಲ. ತಾರಸಿ ಪೈಪು ಅದೇ ಚೇಂಬರಿಗೆ ಬರುತ್ತಿದ್ದರೆ ನಿಮ್ಮದೇ ಮಳೆನೀರು ನಿಮ್ಮದೇ ಬಚ್ಚಲಲ್ಲಿ ಉಕ್ಕುತ್ತದೆ. ಮೊದಲು ಆ ಪೈಪನ್ನು ಬಿಡಿಸಿ ಮಳೆನೀರು ಸಂಗ್ರಹದ ಟ್ಯಾಂಕಿಗೋ ಇಂಗುಗುಂಡಿಗೋ ತಿರುಗಿಸಿ, ಆಮೇಲೆ ವಾಲ್ವ್. ಮಹಡಿ ಮೇಲೆ ಬಾಡಿಗೆಯವರಿದ್ದರೆ ಅವರಿಗೂ ಹೇಳಿಡಿ: ಜೋರು ಮಳೆ ನಿಲ್ಲುವವರೆಗೆ ಸ್ನಾನ, ವಾಷಿಂಗ್ ಮಷೀನು ಬೇಡ. ಅವರು ಬಿಟ್ಟ ನೀರು ಬಂದು ನಿಲ್ಲುವುದು ನೆಲಮಹಡಿಯಲ್ಲೇ ಅಲ್ವಾ?

ಬಾಡಿಗೆ ಮನೆಯಲ್ಲಿದ್ದು ವಾಲ್ವ್ ಹಾಕಿಸಲು ಆಗದಿದ್ದರೆ, ಪೈಪ್ ಟೆಸ್ಟ್ ಮಾಡಲು ಬಳಸುವ ತಿರುಗಿಸಿ ಬಿಗಿ ಮಾಡುವ ರಬ್ಬರ್ ಪ್ಲಗ್ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ ನೋಡಿ. ನಹಾನಿ ಟ್ರ್ಯಾಪಿನ ಪೈಪಿಗೆ ತಕ್ಷಣಕ್ಕೆ ಅದು ಸಾಕು.

ಸಂಪಿನ ಬಾಯಿ ಬಹಳ ಮನೆಗಳಲ್ಲಿ ಪೋರ್ಟಿಕೋ ನೆಲದ ಮಟ್ಟಕ್ಕೇ ಇರುತ್ತದೆ. ಒಂದಡಿ ಕಟ್ಟೆ ಕಟ್ಟಿಸಿ, ರಬ್ಬರ್ ಅಂಚಿನ ಮುಚ್ಚಳ ಹಾಕಿಸಿ. ಒಮ್ಮೆ ಕೊಳಚೆ ನೀರು ಸೇರಿದರೆ ಪೂರ್ತಿ ಖಾಲಿ ಮಾಡಿಸಿ, ತಿಕ್ಕಿಸಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸದೆ ಬಳಸಬೇಡಿ.

ಇಷ್ಟಾದ ಮೇಲೆ ಗೇಟು. ಎರಡು ಕಡೆ ಕಂಬಕ್ಕೆ ಅಲ್ಯುಮಿನಿಯಂ ಅಥವಾ ಕಬ್ಬಿಣದ ಯು ಚಾನೆಲ್ ಕೂರಿಸಿ, ಮಳೆ ಬರುವಾಗ ಮರೈನ್ ಪ್ಲೈವುಡ್ ಹಲಗೆ ಇಳಿಸುವುದು ಅಗ್ಗದ ದಾರಿ. ಕೆಳಗೆ ಮತ್ತು ಬದಿಗೆ ರಬ್ಬರ್ ಪಟ್ಟಿ ಬೇಕೇ ಬೇಕು. ಮರಳು ಮೂಟೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಜನ ಚೀಲವನ್ನು ಬಾಯಿತನಕ ತುಂಬುತ್ತಾರೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿ, ಬಾಯಿ ಮಡಚಿ, ಇಟ್ಟಿಗೆ ಜೋಡಿಸಿದಂತೆ ಸಂದಿ ತಪ್ಪಿಸಿ ಇಟ್ಟರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ನೀರು ಬರುವ ಬದಿಗೆ ಟಾರ್ಪಾಲು ಹೊದಿಸಿ. ಆದರೂ ಸ್ವಲ್ಪ ಜಿನುಗುತ್ತದೆ, ಒಳಗೊಂದು ಬಕೆಟ್ಟು ಇರಲಿ.

ತಡೆ ಎರಡು ಅಡಿಗಿಂತ ಎತ್ತರ ಬೇಡ. ಹತ್ತು ಅಡಿ ಅಗಲದ ಗೇಟಿನ ಮುಂದೆ ಎರಡು ಅಡಿ ನೀರು ನಿಂತರೆ ಅದು ತಳ್ಳುವ ಬಲ ಸುಮಾರು 570 ಕೆಜಿ ಭಾರದಷ್ಟು. ಮೂರು ಅಡಿಗೆ ಅದು ಎರಡು ಪಟ್ಟಿಗಿಂತ ಜಾಸ್ತಿ, ಹೆಚ್ಚುಕಡಿಮೆ 1,280 ಕೆಜಿ. ಕಂಬವಿಲ್ಲದ ಸಾಲಿಡ್ ಬ್ಲಾಕ್ ಕಾಂಪೌಂಡು ಇದನ್ನು ತಡೆಯುವುದಿಲ್ಲ. ಗೋಡೆ ಬೀಳುವುದಕ್ಕಿಂತ ನೀರು ಒಳಗೆ ಬರುವುದು ಮೇಲು. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ, 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನಲ್ಲಿ ದೋಣಿಗಳು ಓಡಾಡಿದವು. ಅಂಥ ನೀರಿಗೆ ಹಲಗೆ, ಮೂಟೆ ಯಾವುದೂ ನಿಲ್ಲುವುದಿಲ್ಲ. ಮನೆ ಬಿಟ್ಟು ಹೊರಡಬೇಕು. ಗೋಡೆಯ ಒಳಬದಿಗೆ ಬಳಿಯುವ ವಾಟರ್‌ಪ್ರೂಫ್ ಪೇಂಟಿಗೆ ಖರ್ಚು ಮಾಡಬೇಡಿ. ಹೊರಗಿನ ನೀರಿನ ಒತ್ತಡ ಅದನ್ನು ಗೋಡೆಯಿಂದ ಕಿತ್ತು ಹಾಕುತ್ತದೆ.

ಕರೆಂಟಿನ ವಿಷಯದಲ್ಲಿ ಮಾತ್ರ ಜುಗ್ಗತನ ಬೇಡ. 2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟ್ ಕಡೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ನೀರು ಪಂಪು ಮಾಡಿ ತೆಗೆಯಲು ಹೋದಾಗ ಇಬ್ಬರು ವಿದ್ಯುತ್ ತಗುಲಿ ಸತ್ತರು. ಅದರಲ್ಲಿ ಒಬ್ಬ 12 ವರ್ಷದ ಹುಡುಗ. ನೆಲಮಹಡಿಯ ಪ್ಲಗ್ ಪಾಯಿಂಟುಗಳನ್ನು ನಾಲ್ಕಡಿ ಎತ್ತರಕ್ಕೆ ಏರಿಸಿ. ಮೆಟ್ಟಿಲ ಕೆಳಗೆ ನೆಲದ ಮೇಲೇ ಕೂರಿಸಿದ ಯುಪಿಎಸ್ ಬ್ಯಾಟರಿಯನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲಿಡಿ. ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದ ಮನೆಗೆ ಮೊದಲ ಖರ್ಚು ಅದೇ ಆಗಬೇಕು. ಅದು ಇದ್ದರೂ, ನೀರು ನಿಂತ ಜಾಗಕ್ಕೆ ಇಳಿಯುವ ಮೊದಲು ಮೇನ್ ಆಫ್ ಮಾಡಿ. ಮೇನ್ ಸ್ವಿಚ್ಚೇ ನೀರಲ್ಲಿದ್ದರೆ ಹತ್ತಿರ ಹೋಗಬೇಡಿ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಬೇಸ್‌ಮೆಂಟ್ ಇದ್ದರೆ ರ‍್ಯಾಂಪಿನ ತಲೆಯಲ್ಲಿ, ರಸ್ತೆಗಿಂತ ಎತ್ತರಕ್ಕೆ, ಮುಕ್ಕಾಲು ಅಡಿ ಕಾಂಕ್ರೀಟ್ ಉಬ್ಬು ಹಾಕಿಸಿ. ಮಳೆ ಜೋರಾದಾಗ ಲಿಫ್ಟನ್ನು ಮೇಲಿನ ಮಹಡಿಯಲ್ಲಿ ನಿಲ್ಲಿಸಿ ಆಫ್ ಮಾಡಿ.

ಇನ್ನು ವಿಮೆ. 2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಎಂಬ ಪಾಲಿಸಿ ಇದೆ, ಪ್ರವಾಹದ ಹಾನಿಯೂ ಅದರಲ್ಲಿ ಬರುತ್ತದೆ. ಬಾಡಿಗೆದಾರರು ಸಾಮಾನುಗಳಿಗಷ್ಟೇ ಮಾಡಿಸಬಹುದು. ನೀರು ಇಳಿದ ಮೇಲೆ ಗೋಡೆ ತೊಳೆಯುವ ಅವಸರ ಬೇಡ. ನೀರಿನ ಗುರುತಿನ ಪಕ್ಕ ಅಳತೆ ಟೇಪು ಹಿಡಿದು ಫೋಟೋ ತೆಗೆಯಿರಿ. ವಿಮೆಯ ಸರ್ವೇಯರ್‌ಗೂ ಅದು ಬೇಕು, ಹಲಗೆ ಎಷ್ಟೆತ್ತರ ಮಾಡಿಸಬೇಕು ಎಂದು ಹೇಳಲು ನಮಗೂ ಬೇಕು.